ಐದನೇ ಬತ್ತಿ

ಲಂಡನ್ನಿನ ಕನ್ನಡಿಗರ ಕಸ್ತೂರಿ ಸಂಘದ ಮೊದಲನೇ ಯುದ್ಧದಲ್ಲಿ ಉದುರಿದ ಹಲ್ಲು ಹನ್ನೊಂದು, ಮುರಿದ ಪಕ್ಕೆಲುಬು ಎರಡು, ಹರಿದ ಕಿವಿ ಒಂದು. ಹಲ್ಲುಗಳನ್ನು ಆವತ್ತೇ ಗುಡಿಸಿ ಹಾಕಿದರು. ಕಿವಿಯ ತುಂಡು ಮಾತ್ರ ಸೋಮವಾರ ಯುದ್ಧ ನಡೆದ ಹಾಲ್‌ಗೆ ಯೋಗ ಕಲಿಯಲು ಬಂದ ಹೆಂಗಸೊಬ್ಬಳ ಚಾಪೆಯಡಿ ಸಿಕ್ಕಿತು. ಅವಳು ಅದನ್ನು ಒಣಗಿದ ಏಪ್ರಿಕಾಟ್ ಅಂದುಕೊಂಡಿದ್ದಳಂತೆ. ಮುರಿಗೆಪ್ಪ ಮಾತ್ರ ಅದನ್ನು ನಂಬಲಿಲ್ಲ. ಬಿದ್ದ ಕಿವಿ ಕಿವಿಯ ಹಾಗೇ ಕಾಣುತ್ತದೆ. ಅವನು ನೋಡಿದ್ದ.

ಮುರಿಗೆಪ್ಪ ಬೈಲಹೊಂಗಲ ಕಡೆಯವನು. ಹತ್ತೊಂಬತ್ತು ವರ್ಷ ಸೈನ್ಯದಲ್ಲಿದ್ದು, ಕೊನೆಯ ಒಂದೂವರೆ ವರ್ಷ ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿಕೊಂಡು ಆಫ್ರಿಕಾದ ಒಂದು ದೇಶದಲ್ಲಿ ಶಾಂತಿ ಕಾದಿದ್ದ. ಅಲ್ಲಿ ಯುದ್ಧ ಮುಗಿದಿದೆ ಎಂದು ದೊಡ್ಡವರು ಕಾಗದಕ್ಕೆ ಸಹಿ ಹಾಕಿದ್ದರು. ಆ ಕಾಗದ ಹಳ್ಳಿಗಳನ್ನು ತಲುಪಿರಲಿಲ್ಲ, ಅಥವಾ ತಲುಪಿದ್ದನ್ನು ಯಾರೋ ಒಲೆಗೆ ಹಾಕಿದ್ದರು. ಆಮೇಲೆ ಹೆಂಡತಿ ವತ್ಸಲಾಗೆ ಲಂಡನ್ನಿನಲ್ಲಿ ನರ್ಸ್ ಕೆಲಸ ಸಿಕ್ಕಿ, ಅವಳ ಹಿಂದೆ ಇವನೂ ಆ ಊರಂಚಿನ ಇಲ್ಫರ್ಡಿಗೆ ಬಂದ. ಎಂಟು ತಿಂಗಳು ಮನೆಯಲ್ಲಿ ಬೆಳ್ಳುಳ್ಳಿ ಸುಲಿದ. ಕೊನೆಗೆ ಸೆಕ್ಯುರಿಟಿ ಗಾರ್ಡ್ ಪರೀಕ್ಷೆಯನ್ನು ಮೂರು ಸಲ ಬರೆದು ಪಾಸು ಮಾಡಿ, ಲೈಸೆನ್ಸ್ ಕಾರ್ಡನ್ನು ತೋಳಿಗೆ ಕಟ್ಟಿಕೊಂಡು, ಹೀಥ್ರೋ ಹತ್ತಿರದ ಗೋದಾಮಿನ ಗೇಟಿನಲ್ಲಿ ನಿಂತ. ಐವತ್ತೊಂದನೇ ವಯಸ್ಸಿನಲ್ಲಿ ಅವನನ್ನು ಮನುಷ್ಯ ಎಂದು ಒಪ್ಪಿಕೊಂಡಿದ್ದು ಆ ಕಾರ್ಡು. ಸ್ನಾನಕ್ಕೆ ಹೋಗುವಾಗಲೂ ಅದನ್ನು ಕಣ್ಣಿಗೆ ಕಾಣುವ ಕಡೆ ಇಡುತ್ತಿದ್ದ.

ಇನ್ನು ಸಂಘದ ವಿಷಯ. ಅದರಲ್ಲಿ ಎರಡು ಪಂಗಡ. ಒಂದು ಸ್ಟ್ಯಾನ್ಮೋರ್ ಕಡೆಯ ಡಾಕ್ಟರುಗಳು. ಮೂವತ್ತು ವರ್ಷದ ಹಿಂದೆ ಮೈಸೂರಿನಿಂದ ಬಂದವರು, ಅಕ್ಕಪಕ್ಕದವರ ಜೊತೆ ಗೋಡೆ ಹಂಚಿಕೊಳ್ಳದ ಒಂಟಿ ಮನೆಯವರು, ಸಂಘ ಕಟ್ಟಿದವರು. ಇನ್ನೊಂದು ಹೌನ್ಸ್ಲೋ ಕಡೆಯ ಸಾಫ್ಟ್‌ವೇರಿನವರು. ಬೆಂಗಳೂರಿನಿಂದ ವೀಸಾ ಮೇಲೆ ಬಂದು, ತಲೆಯ ಮೇಲೆ ಎರಡೆರಡು ನಿಮಿಷಕ್ಕೆ ವಿಮಾನ ಇಳಿಯುವ ಬಾಡಿಗೆ ಮನೆಗಳಲ್ಲಿ ಇರುವವರು. ಇವರು ಅವರನ್ನು 'ಬಂಗಲೆಯವರು' ಎನ್ನುತ್ತಿದ್ದರು, ಅವರು ಇವರನ್ನು 'ವೀಸಾದವರು' ಎನ್ನುತ್ತಿದ್ದರು. ಹಾಲ್‌ನ ಮುಂದಿನ ಸಾಲಿನಲ್ಲಿ ಬಂಗಲೆಯವರು ಆರು ಸೋಫಾ ಹಾಕಿ ತಮ್ಮ ಹೆಸರಿನ ಚೀಟಿ ಅಂಟಿಸಿದ್ದರು. ಮೂರು ವರ್ಷದ ಹಿಂದಿನ ರಾಜ್ಯೋತ್ಸವದ ದಿನ ವೀಸಾದವರು ಹೋಗಿ ಆ ಸೋಫಾಗಳ ಮೇಲೆ ಕೂತರು. ಇತಿಹಾಸ ಅಲ್ಲಿಂದ ಶುರು.

ಸ್ಟ್ಯಾನ್ಮೋರ್ ಕಡೆಯ ನಾಯಕ ಜಗನ್ನಾಥ ಅರಿವಳಿಕೆ ಡಾಕ್ಟರು. ಮೂವತ್ತು ವರ್ಷ ಊರಿನವರನ್ನೆಲ್ಲ ಮಲಗಿಸಿದ ಅವರು ಆವತ್ತು ಹಣೆಗೆ ತೆಂಗಿನಕಾಯಿ ಬಿದ್ದು, ಯಾವ ಔಷಧವೂ ಇಲ್ಲದೆ ಹದಿನೇಳು ನಿಮಿಷ ಮಲಗಿದರು. ಹೌನ್ಸ್ಲೋ ಕಡೆಯ ನಾಯಕ ಚಂದ್ರಶೇಖರನ ಕಿವಿಯನ್ನು ಮೂಳೆ ಡಾಕ್ಟರ್ ಆನಂದತೀರ್ಥ ಕಚ್ಚಿದರು. ಆನಂದತೀರ್ಥರು ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದವರು. ಕಚ್ಚಿದ್ದೂ ಅವರೇ, ಆಮೇಲೆ ಉಳಿದ ಕಿವಿಯನ್ನು ಹೊಲಿದದ್ದೂ ಅವರೇ. ಹೊಲಿಗೆ ಚೆನ್ನಾಗಿತ್ತು ಎಂದು ಚಂದ್ರಶೇಖರನೇ ಒಪ್ಪುತ್ತಾನೆ.

ಯುದ್ಧ ಮುಗಿದು ಶಾಂತಿ ಶುರುವಾಯಿತು. ಅದು ಯುದ್ಧಕ್ಕಿಂತ ಕೆಟ್ಟದಾಗಿತ್ತು. ಮೂರು ವರ್ಷದಲ್ಲಿ ಏಳು ಅಧ್ಯಕ್ಷರು ಬಂದು ಹೋದರು. ಅವರಲ್ಲಿ ಒಬ್ಬ ನಲವತ್ತು ನಿಮಿಷ ಆಳಿ, ಟಾಯ್ಲೆಟ್ಟಿನ ಕಿಟಕಿಯಿಂದ ಹಾರಿ, ಕಾಲು ಮುರಿದುಕೊಂಡು ರಾಜೀನಾಮೆ ಕೊಟ್ಟ. ಒಬ್ಬರ ಮನೆಯ ಕಿಟಕಿಯಿಂದ ಗ್ರೈಂಡರ್ ಕಲ್ಲು ಒಳಗೆ ಬಂತು. ಟ್ಯೂಬ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ಹಾಡುಹಗಲೇ ಒಬ್ಬನ ಮಂಡಿಗೆ ಕ್ರಿಕೆಟ್ ಬ್ಯಾಟು ಬಿತ್ತು. ಹೊಡೆದವನು ಹೊಡೆದ ಮೇಲೆ ಯುಗಾದಿ ಶುಭಾಶಯ ಹೇಳಿ ಹೋದ.

ಕೊನೆಗೆ ಚಂದ್ರಶೇಖರ ಒಂದು ಶಾಂತಿ ಒಪ್ಪಂದ ತಯಾರಿಸಿದ. ಎಕ್ಸೆಲ್‌ನಲ್ಲಿ. ಅವನು ಆಫೀಸಿನಲ್ಲಿ ಪ್ರಾಜೆಕ್ಟ್ ನಡೆಸುವ ರೀತಿಯಲ್ಲೇ, ನಲವತ್ತೊಂದು ಕಲಂ, ಒಪ್ಪಿದ್ದಕ್ಕೆ ಹಸಿರು, ಎಳೆದಾಡುತ್ತಿರುವುದಕ್ಕೆ ಹಳದಿ, ಹೊಡೆದಾಟ ಆಗಬಹುದಾದದ್ದಕ್ಕೆ ಕೆಂಪು. ಹದಿನೇಳನೇ ಆವೃತ್ತಿಗೆ ಎಲ್ಲವೂ ಹಸಿರಾಯಿತು. ಒಂದೇ ಹೊತ್ತಿಗೆ ಇಬ್ಬರು ಅಧ್ಯಕ್ಷರು, ಜಗನ್ನಾಥ ಮತ್ತು ಚಂದ್ರಶೇಖರ. ಯುಗಾದಿ ಕಾರ್ಯಕ್ರಮಕ್ಕೆ ಸ್ಟ್ಯಾನ್ಮೋರಿನಿಂದಲೂ ಹೌನ್ಸ್ಲೋದಿಂದಲೂ ಸಮದೂರ ಇರುವ ಒಂದು ಕೌನ್ಸಿಲ್ ಹಾಲ್. ಫೋನಿನ ಮ್ಯಾಪ್ ಹಿಡಿದು ಅಳೆದಿದ್ದರು. ಎರಡು ಪಾತ್ರೆಯಲ್ಲಿ ಬೇವು-ಬೆಲ್ಲ, ಎರಡು ಹಂಡೆ ಸಾರು. ಕಲಂ ಮೂವತ್ತೊಂದರ ಪ್ರಕಾರ ಹೊರಗಿನವರು ಒಬ್ಬ ಅಧ್ಯಕ್ಷರ ಮೇಲೆ ಕೈ ಮಾಡಿದರೆ ಇಬ್ಬರ ಮೇಲೂ ಮಾಡಿದಂತೆ. ಕಲಂ ಹನ್ನೆರಡರ ಪ್ರಕಾರ ದೀಪದ ಬತ್ತಿಗಳನ್ನು ಇಬ್ಬರು ಅಧ್ಯಕ್ಷರು ಸಮಸಮವಾಗಿ ಹಚ್ಚತಕ್ಕದ್ದು. ಈ ಕಲಮಿನ ಮೇಲೆ ಒಂಬತ್ತು ಗಂಟೆ ಚರ್ಚೆ ಆಗಿತ್ತು: ಬೆಂಕಿಕಡ್ಡಿಯೋ ಮೇಣದಬತ್ತಿಯೋ, ಯಾರು ಎಡಕ್ಕೆ, ಯಾರು ಬಲಕ್ಕೆ.

ಇಷ್ಟಾದ ಮೇಲೆ ಶಾಂತಿ ಕಾಯುವವನು ಬೇಕಾಯಿತು. ಇಬ್ಬರು ಅಧ್ಯಕ್ಷರೂ ಒಂದು ಭಾನುವಾರ ಬೆಳಿಗ್ಗೆ ಇಲ್ಫರ್ಡಿಗೆ ಬಂದು, ಮುರಿಗೆಪ್ಪನ ಮನೆಯ ಒಂದೇ ಸೋಫಾದ ಎರಡು ತುದಿಗೆ ಕೂತರು.

"ನೋಡಪ್ಪಾ, ನೀನು ಸ್ಟ್ಯಾನ್ಮೋರಿನೋನೂ ಅಲ್ಲ, ಹೌನ್ಸ್ಲೋದೋನೂ ಅಲ್ಲ. ಇಲ್ಫರ್ಡ್‌ನೋರು ಯಾವ ಲೆಕ್ಕಕ್ಕೂ ಇಲ್ಲ. ಅದಕ್ಕೇ ನೀನು ಸರಿ," ಎಂದರು ಜಗನ್ನಾಥ.

"ಸಾರ್ ಹೇಳಿದ್ದು ಬೇಜಾರ್ ಮಾಡ್ಕೋಬೇಡಿ ಮುರಿಗೆಪ್ಪ ಅವ್ರೇ. ನ್ಯೂಟ್ರಲ್ ಅಂತ ಅಷ್ಟೇ," ಎಂದ ಚಂದ್ರಶೇಖರ.

"ನಾನೇನು ಹೇಳ್ದೆ ಅಂತ ನೀನ್ಯಾಕಯ್ಯ ಟ್ರಾನ್ಸ್‌ಲೇಟ್ ಮಾಡ್ತೀಯ? ನಿನ್ನ ವೀಸಾ ರಿನ್ಯೂ ಆಯ್ತಾ?"

"ಆಯ್ತು ಸಾರ್. ನಿಮ್ಮ ಹಲ್ಸೆಟ್ ಹೊಂದ್ಕೊಳ್ತಾ?"

ವತ್ಸಲಾ ಚಹಾ ತಂದು ಇಬ್ಬರ ನಡುವೆ ಇಟ್ಟಳು. ಯಾರ ಕಪ್ಪು ಮೊದಲು ಯಾರ ಕೈಗೆ ಎಂಬ ಪ್ರಶ್ನೆ ಏಳುವ ಮೊದಲೇ, "ತಗೋರಿ, ಆರತೈತಿ," ಎಂದು ಗದರಿದಳು. ಇಬ್ಬರೂ ಒಟ್ಟಿಗೆ ತೆಗೆದುಕೊಂಡರು.

"ಅಲ್ಲಿ, ಆಫ್ರಿಕಾದಲ್ಲಿ, ಏನ್ ಮಾಡ್ತಿದ್ರಿ ನೀವು?" ಎಂದು ಚಂದ್ರಶೇಖರ ಕೇಳಿದ.

"ನೋಡತಿದ್ವಿರಿ," ಎಂದ ಮುರಿಗೆಪ್ಪ.

"ಇಲ್ಲೂ ಅಷ್ಟೇ ಮಾಡು," ಎಂದರು ಜಗನ್ನಾಥ. "ನೋಡ್ಕೊಂಡಿರು. ಗಲಾಟೆ ಆದ್ರೆ ಪೊಲೀಸ್‌ಗೆ ಫೋನ್ ಮಾಡು."

ಅವರು ಹೋದ ಮೇಲೆ ವತ್ಸಲಾ ಕಪ್ಪು ತೊಳೆಯುತ್ತಾ ಹೇಳಿದಳು: "ಹೋಗೂದಾದ್ರ ಹೋಗ್ರಿ. ಆದ್ರ ಕೈ ಮಾತ್ರ ಎತ್ತಬ್ಯಾಡ್ರಿ. ಯಾವನರ ಒಬ್ಬ ಕಂಪ್ಲೇಂಟ್ ಬರದ್ರ ಆ ಕಾರ್ಡ್ ಹೋಕ್ಕೈತಿ. ಮತ್ತ ಬಳ್ಳೊಳ್ಳಿ ಸುಲಕೋಂತ ಕುಂದ್ರತೀರಿ."

"ನಾ ಎಂದ್ ಕೈ ಎತ್ತೀನಿ?" ಎಂದ ಮುರಿಗೆಪ್ಪ. ಅದು ನಿಜ. ಅದೇ ಅವನ ತೊಂದರೆಯೂ ಆಗಿತ್ತು.

ಆ ದೇಶದಲ್ಲಿ ಒಂದು ನದಿ, ಆಚೆ ಒಂದು ಹಳ್ಳಿ, ಈಚೆ ಒಂದು ಹಳ್ಳಿ. ನಡುವೆ ಸುಣ್ಣ ಬಳಿದ ಕಲ್ಲುಗಳ ಸಾಲು. ಕಲ್ಲು ದಾಟಬಾರದು, ಕಂಡದ್ದನ್ನು ವೈರ್‌ಲೆಸ್ಸಿನಲ್ಲಿ ತಿಳಿಸಬೇಕು ಎಂದು ಆಜ್ಞೆ. ಒಂದು ಬೆಳಿಗ್ಗೆ ಕಲ್ಲುಗಳ ಆಚೆ, ಹನ್ನೆರಡು ಹೆಜ್ಜೆ ದೂರದಲ್ಲಿ, ಶಾಲೆಯ ಮೇಷ್ಟರೊಬ್ಬರನ್ನು ನೆಲಕ್ಕೆ ಕೆಡವಿ ಒಬ್ಬ ಗುದ್ದಲಿ ಎತ್ತಿದ. ಮುರಿಗೆಪ್ಪನ ಕೈಯಲ್ಲಿ ತುಂಬಿದ ಬಂದೂಕು ಇತ್ತು. ಅವನು ವೈರ್‌ಲೆಸ್ಸಿನಲ್ಲಿ ಮೂರು ಸಲ ಹೇಳಿದ. ಬರೆದುಕೊಂಡಿದ್ದೇವೆ ಎಂದು ಮೂರು ಸಲವೂ ಉತ್ತರ ಬಂತು. ಗುದ್ದಲಿ ಏಳು ಸಲ ಮೇಲೆ ಹೋಗಿ ಏಳು ಸಲ ಕೆಳಗೆ ಬಂತು. ಮಾಡಲು ಬೇರೆ ಕೆಲಸವಿಲ್ಲದೆ ಅವನು ಎಣಿಸಿದ್ದ. ಈಗಲೂ ಗೋದಾಮಿನ ಗೇಟಿನಲ್ಲಿ ಲಾರಿ ಎಣಿಸುವಾಗ ಏಳನೆಯದಕ್ಕೆ ಬಂದರೆ ಮರೆತು ಮತ್ತೆ ಒಂದರಿಂದ ಶುರು ಮಾಡುತ್ತಾನೆ.

ಯುಗಾದಿಯ ಭಾನುವಾರ ಹತ್ತು ಗಂಟೆಗೆ ಮುರಿಗೆಪ್ಪ ಹಾಲ್ ತಲುಪಿ, ವೇದಿಕೆಯಿಂದ ಅಡುಗೆಮನೆಯ ಬಾಗಿಲ ತನಕ ನಟ್ಟನಡುವೆ ಹಳದಿ ಟೇಪು ಅಂಟಿಸಿದ. ಎಡಕ್ಕೆ ಬಂಗಲೆ, ಬಲಕ್ಕೆ ವೀಸಾ. ಆಮೇಲೆ ಬಾಗಿಲಲ್ಲಿ ನಿಂತು ಆಯುಧ ಇಳಿಸಿಕೊಂಡ. ನೂರ ನಲವತ್ತು ಜನರಿಂದ ಸಿಕ್ಕಿದ್ದು ಹದಿನಾರು ತೆಂಗಿನಕಾಯಿ, ಒಂಬತ್ತು ಸೌಟು, ನಾಲ್ಕು ಲಟ್ಟಣಿಗೆ, ಒಂದು ಈಳಿಗೆ ಮಣೆ, ಮತ್ತು ಆನಂದತೀರ್ಥರ ಕೋಟಿನ ಜೇಬಿನಿಂದ ಮೂಳೆ ಬಡಿಯುವ ಒಂದು ಪುಟ್ಟ ಸುತ್ತಿಗೆ.

"ಇದು ನನ್ನ ಕೆಲಸದ್ದಪ್ಪ," ಎಂದರು ಆನಂದತೀರ್ಥ.

"ಈಳಿಗಿ ಮಣಿ ತಂದವರೂ ಹಂಗ ಅಂದ್ರರಿ," ಎಂದು ಮುರಿಗೆಪ್ಪ ಅದನ್ನೂ ಪೆಟ್ಟಿಗೆಗೆ ಹಾಕಿದ.

ಜಗನ್ನಾಥರ ಹೆಂಡತಿ ಅಂಬುಜಮ್ಮ ತಂದಿದ್ದ ಹಿತ್ತಾಳೆಯ ದೀಪವನ್ನು ಮಾತ್ರ ಅವನು ಇಳಿಸಿಕೊಳ್ಳಲಿಲ್ಲ. ಸೊಂಟದೆತ್ತರದ ದೀಪ, ಹನ್ನೆರಡು ಕಿಲೋ ತೂಕ, ಮೈಸೂರಿನಿಂದ ಬಂದದ್ದು. ಒಳಗೆ ಬಂದಾಗ ಅವನೇ ಮುಟ್ಟಿ ನಮಸ್ಕಾರ ಮಾಡಿದ. ದೇವರ ವಸ್ತುವನ್ನು ಯಾರಾದರೂ ಆಯುಧ ಎಂದು ಬರೆದುಕೊಳ್ಳುತ್ತಾರೆಯೇ?

ಹನ್ನೊಂದು ಗಂಟೆಗೆ ಇಬ್ಬರು ಅಧ್ಯಕ್ಷರೂ ತಮ್ಮ ತಮ್ಮ ಮೇಣದಬತ್ತಿ ಹಿಡಿದು ದೀಪದ ಎರಡು ಬದಿಗೆ ನಿಂತರು. ಜಗನ್ನಾಥ ಒಂದು ಬತ್ತಿ ಹಚ್ಚಿದರು. ಚಂದ್ರಶೇಖರ ಒಂದು ಹಚ್ಚಿದ. ಜಗನ್ನಾಥ ಇನ್ನೊಂದು, ಚಂದ್ರಶೇಖರ ಇನ್ನೊಂದು. ಎರಡೂ ಕಡೆ ಲೆಕ್ಕ ಹಾಕಿ ಚಪ್ಪಾಳೆ ತಟ್ಟಿದರು. ಆಮೇಲೆ ಇಬ್ಬರೂ ದೀಪ ನೋಡಿದರು.

ಒಂದು ಬತ್ತಿ ಉಳಿದಿತ್ತು.

ಎಲ್ಲರ ಅಜ್ಜಿಯ ಮನೆಯಲ್ಲೂ ಇಂಥ ದೀಪಕ್ಕೆ ಐದೇ ಬತ್ತಿ. ಹುಟ್ಟಿದಾಗಿನಿಂದ ನೋಡಿದವರು. ಹದಿನೇಳು ಆವೃತ್ತಿ, ಒಂಬತ್ತು ಗಂಟೆ ಚರ್ಚೆ, ಅದರಲ್ಲಿ ಒಬ್ಬರೂ ಬತ್ತಿ ಎಣಿಸಿರಲಿಲ್ಲ.

"ಇದು ಸ್ಕೋಪ್‌ನಲ್ಲಿ ಇರ್ಲಿಲ್ಲ," ಎಂದ ಚಂದ್ರಶೇಖರ ಮೆಲ್ಲಗೆ.

"ದೀಪ ನಮ್ಮನೇದು. ನಾನು ಹಚ್ತೀನಿ," ಎಂದರು ಜಗನ್ನಾಥ.

"ಆವಾಗ ನಿಮ್ದು ಮೂರು ನಮ್ದು ಎರಡಾಗುತ್ತೆ ಸಾರ್. ಆಗಲ್ಲ."

"ಹಾಗೇ ಬಿಟ್ರೆ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ವರ್ಷದ ಮೊದಲನೇ ದಿನ ಆರಿದ ಬತ್ತಿ ಇಟ್ಕೊಂಡು ಬೇವು-ಬೆಲ್ಲ ತಿನ್ಬೇಕಾ?" ಎಂದು ಅಂಬುಜಮ್ಮ ಕೂಗಿದರು.

ವತ್ಸಲಾ ಅಡುಗೆಮನೆ ಬಾಗಿಲಿನಿಂದ ಸಲಹೆ ಕೊಟ್ಟಳು: "ಇಬ್ರೂ ಕೂಡಿ ಒಂದ ಬತ್ತಿ ಹಚ್ರಲ್ಲ."

ಅದನ್ನು ಒಪ್ಪಿದರು. ಅದೇ ತಪ್ಪಾಯಿತು. ಎರಡು ಮೇಣದಬತ್ತಿಗಳು ಒಂದೇ ಬತ್ತಿಯ ಕಡೆ ಹೋದವು, ಯಾವುದು ಮೊದಲು ಮುಟ್ಟಬೇಕು ಎಂದು ಎರಡೂ ಅವಸರಪಟ್ಟವು, ಮತ್ತು ಜಗನ್ನಾಥರ ಜರಿ ಶಲ್ಯದ ಅಂಚಿಗೆ ಬೆಂಕಿ ಹತ್ತಿತು.

ಅವರು ಶಲ್ಯ ಕೊಡವಿದರು. ಅದು ಉರಿಯುತ್ತಾ ಹೋಗಿ ವೀಸಾ ಕಡೆಯ ಮೊದಲ ಸಾಲಿನಲ್ಲಿ ಬಿತ್ತು. ಅಲ್ಲಿಂದ ಒಂದು ಮಡಿಸುವ ಕುರ್ಚಿ ಹಾರಿ ಬಂದು ಆನಂದತೀರ್ಥರ ದವಡೆಗೆ ತಾಗಿತು. ಕುರ್ಚಿಗಳನ್ನು ಮುರಿಗೆಪ್ಪ ಆಯುಧವೆಂದು ಎಣಿಸಿರಲಿಲ್ಲ. ನೂರ ನಲವತ್ತು ಇದ್ದವು, ತಲೆಗೊಂದು. ಅರ್ಧ ನಿಮಿಷದಲ್ಲಿ ಅವೆಲ್ಲ ಗಾಳಿಯಲ್ಲಿದ್ದವು. ಇನ್ಶೂರೆನ್ಸ್ ಕಂಪನಿಯಲ್ಲಿ ಕೋಡ್ ಬರೆಯುವ ಒಬ್ಬ, ಹೃದಯದ ಡಾಕ್ಟರರೊಬ್ಬರ ತಲೆಯನ್ನು ಸಾರಿನ ಹಂಡೆಗೆ ಅದ್ದಿ, ಉಸಿರಿಗೆ ಬಿಟ್ಟು, ಮತ್ತೆ ಅದ್ದುತ್ತಿದ್ದ. ಸಾರು ಅವರದೇ ಕಡೆಯದು. ಅಂಬುಜಮ್ಮ ಒಬ್ಬಳ ಜಡೆಯನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ಆರತಿ ಎತ್ತುವಷ್ಟು ನಿಧಾನವಾಗಿ ಅವಳ ಹಣೆಯನ್ನು ಗೋಡೆಗೆ ತಾಗಿಸುತ್ತಿದ್ದರು. ಮೂಗುಗಳು ಮುರಿಯುವ ಸದ್ದು ಹಪ್ಪಳ ಮುರಿದಂತೆ ಕೇಳುತ್ತಿತ್ತು. ಅಡುಗೆಮನೆಯಲ್ಲಿ ನಿಜವಾಗಿಯೂ ಹಪ್ಪಳ ಕರಿಯುತ್ತಿದ್ದರಿಂದ ಯಾವುದು ಯಾವುದೆಂದು ಹೇಳುವಂತಿರಲಿಲ್ಲ.

ಮುರಿಗೆಪ್ಪ ಅಡುಗೆಮನೆ ಕಡೆಯ ಟೇಪಿನ ತುದಿಯಲ್ಲಿ ನಿಂತಿದ್ದ. ಪೊಲೀಸರಿಗೆ ಫೋನ್ ಮಾಡಿದ. ಬರುತ್ತಿದ್ದಾರೆ, ನೀವು ದೂರ ಇರಿ ಎಂದರು. ಮತ್ತೆ ಮಾಡಿದ. ಮೂರನೇ ಸಲವೂ ಮಾಡಿದ.

ಆಗ ಜಗನ್ನಾಥ ಬಿದ್ದರು. ಅರವತ್ತೆಂಟು ವರ್ಷದ ಮುದುಕ, ಕನ್ನಡಕ ಎಲ್ಲೋ ಹೋಗಿತ್ತು, ದೀಪದಿಂದ ನೆಲಕ್ಕೆ ತುಳುಕಿದ ಎಣ್ಣೆಯಲ್ಲಿ ಅಂಗೈ ಜಾರಿ ಏಳಲಾಗದೆ ಒದ್ದಾಡುತ್ತಿದ್ದರು. ಚಂದ್ರಶೇಖರ ದೀಪದ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು, ಬುಡ ಮೇಲಾಗಿ ಎತ್ತಿದ. ಉರಿಯುವ ಎಣ್ಣೆ ಅವನ ಮೊಣಕೈ ಮೇಲೆ ಇಳಿಯಿತು. ಚರ್ಮ ಗುಳ್ಳೆ ಏಳುವುದು ಮುರಿಗೆಪ್ಪನಿಗೆ ಕಾಣುತ್ತಿತ್ತು, ಚಂದ್ರಶೇಖರನಿಗೆ ಗೊತ್ತಾಗುತ್ತಿರಲಿಲ್ಲ.

"ವೀಸಾ ಕೇಳ್ತೀಯಾ? ಇವತ್ತು ನಿನಗೆ ವೀಸಾ ಕೊಡ್ತೀನಿ ಕಣೋ!" ಎಂದು ಅವನು ಅಳುತ್ತಾ ಕೂಗಿದ.

ದೂರ ಎಷ್ಟೆಂದು ಮುರಿಗೆಪ್ಪ ಅಳೆಯಲಿಲ್ಲ. ಹನ್ನೆರಡು ಹೆಜ್ಜೆಯೇ ಇತ್ತು.

"ರೀ!" ಎಂದಳು ವತ್ಸಲಾ.

ಅವನು ತೋಳಿನಿಂದ ಕಾರ್ಡು ಬಿಚ್ಚಿ ಅವಳ ಕೈಗೆ ಕೊಟ್ಟು, ಟೇಪು ದಾಟಿದ.

ದೀಪ ಕೆಳಗೆ ಬರುವಷ್ಟರಲ್ಲಿ ಅವನು ಭುಜ ಅಡ್ಡ ಕೊಟ್ಟ. ಕಾಲರ್ ಮೂಳೆ ಮುರಿಯಿತು. ಇನ್ನೊಂದು ಕೈಯಲ್ಲಿ ಚಂದ್ರಶೇಖರನ ಬಲ ಮಣಿಕಟ್ಟು ಹಿಡಿದು, ಸೈನ್ಯದಲ್ಲಿ ಕಲಿಸಿದಂತೆ, ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಉಪಯೋಗಿಸದೆ ಹಾಗೇ ಉಳಿದಿದ್ದ ಒಂದು ತಿರುವನ್ನು ತಿರುವಿದ. ಹಸಿ ಬಿದಿರು ಸೀಳಿದ ಸದ್ದು. ದೀಪ ಉರುಳಿಕೊಂಡು ಹೋಗಿ ಗೋಡೆಗೆ ತಾಗಿ ನಿಂತಿತು. ಚಂದ್ರಶೇಖರನ ಕಿರುಚಾಟಕ್ಕೆ ಹಾಲ್ ಪೂರ್ತಿ ಸುಮ್ಮನಾಯಿತು.

ಆ ಮೌನದಲ್ಲಿ ಜಗನ್ನಾಥ ಎದ್ದು ಕೂತು, ತಡಕಿ ಕನ್ನಡಕ ಹಾಕಿಕೊಂಡು, ಮುರಿದು ಜೋತ ಆ ಕೈಯನ್ನು ನೋಡಿದರು.

"ಏಯ್! ನಮ್ಮ ಅಧ್ಯಕ್ಷರ ಮೇಲೆ ಕೈ ಮಾಡ್ತೀಯೇನೋ?"

ಮುರಿಗೆಪ್ಪ ಅವರು ಬೇರೆ ಯಾರನ್ನೋ ಕೇಳುತ್ತಿದ್ದಾರೆ ಎಂದುಕೊಂಡು ಹಿಂದೆ ತಿರುಗಿ ನೋಡಿದ.

"ಕಲಂ ಮೂವತ್ತೊಂದು!" ಎಂದು ಕೂಗಿ ಜಗನ್ನಾಥ ಅವನ ಮಂಡಿಗೆ ಒದ್ದರು.

ನೂರ ನಲವತ್ತು ಜನ ಟೇಪನ್ನು ತುಳಿದುಕೊಂಡು ಬಂದರು. ಮೂರು ವರ್ಷದಲ್ಲಿ ಮೊದಲ ಸಲ ಯಾರು ಮುಂದೆ ಯಾರು ಹಿಂದೆ ಎಂಬ ತಕರಾರು ಇರಲಿಲ್ಲ. ಆಯುಧದ ಪೆಟ್ಟಿಗೆಯನ್ನು ಯಾರೋ ಬಾಗಿಲಿನಿಂದ ಹೊತ್ತು ತಂದರು. ಒಬ್ಬ ವೀಸಾದವನು ತೆಂಗಿನಕಾಯಿಗಳನ್ನು ಕೈಯಿಂದ ಕೈಗೆ ದಾಟಿಸಿದ, ಬಂಗಲೆಯವರೊಬ್ಬರು 'ಥ್ಯಾಂಕ್ಸ್' ಎಂದು ಇಸಕೊಂಡರು. ಹೃದಯದ ಡಾಕ್ಟರು ಸಾರಿನ ತಲೆಯನ್ನು ಒರೆಸಿಕೊಳ್ಳುತ್ತಾ ಬಂದು, ತಮ್ಮನ್ನು ಅದ್ದಿದವನ ಭುಜ ಹಿಡಿದು ಸಮತೋಲ ಮಾಡಿಕೊಂಡು ಒದ್ದರು. ಅಂಬುಜಮ್ಮ, ಜಡೆ ಬಿಚ್ಚಿದ ಆ ಹುಡುಗಿ, ಇಬ್ಬರೂ ಒಂದೊಂದು ಲಟ್ಟಣಿಗೆ ಹಿಡಿದು ಒಂದೇ ತಾಳದಲ್ಲಿ ಹೊಡೆದರು. ಮುರಿಗೆಪ್ಪ ಕೈ ಎತ್ತಲಿಲ್ಲ. ಎತ್ತಲು ಒಂದೇ ಇತ್ತು, ಅದರಿಂದ ತಲೆ ಮುಚ್ಚಿಕೊಂಡಿದ್ದ. ವತ್ಸಲಾ ಕಾಯುವ ಎಣ್ಣೆಯ ಬಾಣಲೆ ಹಿಡಿದುಕೊಂಡು ನಡುವೆ ಬಂದು, "ಇನ್ನೊಬ್ಬಾಂವ ಮುಂದ ಬರ್ರಿ, ನಿಮ್ಮನ್ನೂ ಕರಿತೀನಿ!" ಎಂದಾಗ ನಿಂತರು.

ಪೊಲೀಸರು ಬಂದಾಗ ಊಟ ನಡೆಯುತ್ತಿತ್ತು. ಎರಡು ಕಡೆಯ ಸಾರೂ ಚೆಲ್ಲಿ ಉಳಿದದ್ದನ್ನು ಒಂದೇ ಹಂಡೆಗೆ ಸುರಿದುಕೊಂಡಿದ್ದರು. ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಮೂಗು, ತುಟಿ, ತಲೆ ಒಡೆದುಕೊಂಡ ನೂರ ನಲವತ್ತು ಮಂದಿ ಒಂದೇ ಹೇಳಿಕೆ ಕೊಟ್ಟರು: ಗಲಾಟೆ ಮಾಡಿದ್ದು ಅಡುಗೆಮನೆ ಬಾಗಿಲ ಹತ್ತಿರ ಮಲಗಿರುವ ಆ ಇಲ್ಫರ್ಡಿನವನೊಬ್ಬನೇ. ಆನಂದತೀರ್ಥರು ದವಡೆಗೆ ಕರವಸ್ತ್ರ ಕಟ್ಟಿಕೊಂಡು ಮುರಿಗೆಪ್ಪನ ಹುಬ್ಬು ಹೊಲಿದರು. ಏಳು ಹೊಲಿಗೆ. ಹೊಲಿಗೆ ಚೆನ್ನಾಗಿತ್ತು.

ಐದು ವಾರದ ಮೇಲೆ ಲೈಸೆನ್ಸ್ ಆಫೀಸಿನಿಂದ ಪತ್ರ ಬಂತು. ಮುರಿಗೆಪ್ಪ ಒಂದು ಕೈ ಜೋಳಿಗೆಯಲ್ಲಿ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಬೆಳ್ಳುಳ್ಳಿ ಸುಲಿಯಲು ಪ್ರಯತ್ನಿಸುತ್ತಿದ್ದ. ವತ್ಸಲಾ ಬಿಡಿಸಿ ಓದಿದಳು.

"ಕಾರ್ಡ್ ರದ್ದಾತ್ರಿ."

"ಹ್ಞೂಂ."

"ಕಂಪ್ಲೇಂಟಿನ ಕಾಪಿ ಹಚ್ಯಾರ. ಸಂಘದ ಪರವಾಗಿ ಅಂತ." ಅವಳ ದನಿ ಏರಿತು. "ಆ ಮುದುಕನ ಜೀಂವಾ ಉಳಿಸಿದ್ರಿ ನೀವು! ಆ ದೀಪ ಬೀಳತಿತ್ತಂದ್ರ ಬುರಡಿ ಎರಡ ಹೋಳ ಆಕ್ಕಿತ್ತು. ಈ ಮಂದಿಗೆ ನಾಚಿಗಿ ಅನ್ನೂದ ಇಲ್ಲೇನ್ರಿ?"

"ದೀಪ ಏನಾತಂತ?"

"ಐದನೇ ಮೂತಿ ಗರಗಸದ್ಲೆ ಕೊಯ್ಸ್ಯಾರಂತ. ಈಗ ನಾಕ. ವಾಲಿ ನಿಂದರತೈತಂತ, ಬುಡಕ್ಕ ಕಾರ್ಡ್‌ಬೋರ್ಡ್ ಇಟ್ಟಾರ."

ಮುರಿಗೆಪ್ಪ ಸುಲಿದ ಎಸಳನ್ನು ಬಟ್ಟಲಿಗೆ ಹಾಕಿದ.

"ಕಂಪ್ಲೇಂಟಿಗೆ ಇಬ್ರೂ ಸಹಿ ಮಾಡ್ಯಾರೇನ?"

"ಇಬ್ರೂ ಮಾಡ್ಯಾರ. ಚಂದ್ರಶೇಖರಂದು ಎಡಗೈಲೆ ಗೀಚಿದಂಗೈತಿ."

"ತಾ ಇಲ್ಲೆ."

ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಒಂದು ಡಾಕ್ಟರರ ಸಹಿ, ಯಾರಿಗೂ ಓದಲು ಬಾರದ್ದು. ಅದರ ಪಕ್ಕದಲ್ಲಿ ಒಂದನೇ ಕ್ಲಾಸಿನ ಮಗು ಬರೆದಂತೆ, ಸೊಟ್ಟ ಸೊಟ್ಟ, ಚಂದ್ರಶೇಖರ್. ಇಬ್ಬರೂ ಮೇಜಿನ ಮುಂದೆ ಕೂತು, ಉಸಿರಾಡುತ್ತಾ, ಇವನನ್ನು ಬೈದುಕೊಳ್ಳುತ್ತಾ ಬರೆದ ಕಾಗದ. ಆ ನದಿಯ ದಂಡೆಯ ಮೇಷ್ಟರ ಅಕ್ಷರ ಹೇಗಿತ್ತೋ. ಅವರು ಬದುಕಿದ್ದರೆ ಅವರೂ ಇವನ ಮೇಲೊಂದು ದೂರು ಬರೆಯಬಹುದಿತ್ತು.

"ಯಾಕ್ರಿ, ನಗಾಕತ್ತೀರಿ?"

"ಏನಿಲ್ಲ," ಎಂದ ಮುರಿಗೆಪ್ಪ. ಮುಂದಿನ ನಾಲ್ಕು ಹಲ್ಲು ಇರಲಿಲ್ಲವಾದ್ದರಿಂದ ನಗು ಸ್ವಲ್ಪ ಗಾಳಿಯ ಹಾಗೆ ಬಂತು. "ಇದನ್ನ ಫ್ರಿಜ್ಜಿಗೆ ಹಚ್ಚು. ಮತ್ತ ಆ ಬಳ್ಳೊಳ್ಳಿ ಇನ್ನೊಂದ್ ಗಡ್ಡಿ ಕೊಡು."